ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟಾಗಿದೆಯೇ? ಪರಿಹಾರದ ಕೇಸು ಹಾಕುವ ಮುನ್ನ ಇದನ್ನು ಓದಿ

"ಮನೆಯವರಿಗೆ ಬೈಕ್ ಆಕ್ಸಿಡೆಂಟಲ್ಲಿ ತಲೆಗೆ ಪೆಟ್ಟಾಗಿದೆ. ಕ್ಲೇಮ್ ಸಿಗುತ್ತಾ? ಎಷ್ಟು ಸಿಗಬಹುದು? ಎಲ್ಲಿ ಹಾಕಬೇಕು?" ಈ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಲೇ ಇವೆ. ಒಬ್ಬೊಬ್ಬರಿಗೆ ತುಂಡು ತುಂಡಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. ಕರ್ನಾಟಕದಲ್ಲಿ ನಡೆಯುವ ರೀತಿಯನ್ನೇ ಮನಸ್ಸಲ್ಲಿಟ್ಟು ಬರೆದಿದ್ದೇನೆ.

ಮೊದಲು ಒಂದು ಮಾತು. ಕಾಲು ಮುರಿದಿದ್ದರೆ ಎಕ್ಸ್‌ರೇ ಇರುತ್ತದೆ, ಒಳಗೆ ಹಾಕಿದ ರಾಡ್ ಕಾಣುತ್ತದೆ, ಕುಂಟುವುದು ಜಡ್ಜ್ ಕಣ್ಣಿಗೂ ಬೀಳುತ್ತದೆ. ಮಿದುಳಿಗೆ ಪೆಟ್ಟಾದವರು ಆರು ತಿಂಗಳ ನಂತರ ಕೋರ್ಟಿಗೆ ತಾವಾಗಿಯೇ ನಡೆದು ಬರುತ್ತಾರೆ, ಹೆಸರು ಕೇಳಿದರೆ ಹೇಳುತ್ತಾರೆ, "ಹೇಗಿದ್ದೀರಿ" ಅಂದರೆ "ಚೆನ್ನಾಗಿದ್ದೇನೆ" ಅಂತಾರೆ. ಆದರೆ ಮನೆಯಲ್ಲಿ ಗ್ಯಾಸ್ ಆಫ್ ಮಾಡುವುದು ಮರೆಯುತ್ತಾರೆ, ಸಣ್ಣದಕ್ಕೆಲ್ಲ ಸಿಟ್ಟಾಗುತ್ತಾರೆ, ಹತ್ತು ವರ್ಷ ಮಾಡಿದ ಕೆಲಸವನ್ನೇ ಮಾಡಲಾಗದೆ ಕೂರುತ್ತಾರೆ. ಇದು ಕಾಗದದ ಮೇಲೆ ಬರದಿದ್ದರೆ ಕೋರ್ಟಿನ ಪಾಲಿಗೆ ಅದು ಆಗೇ ಇಲ್ಲ. ಹಾಗಾಗಿ ಕೆಳಗಿನ ಹಂತಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಗದದ ವಿಷಯವೇ ಇದೆ. ಬೇಜಾರು ಮಾಡಿಕೊಳ್ಳಬೇಡಿ.

1. ಆಸ್ಪತ್ರೆಯ ಮೊದಲ ಕಾಗದದಲ್ಲಿ ಏನು ಬರೆದಿದ್ದಾರೆ ನೋಡಿ

ಅಪಘಾತದ ಗಾಯಾಳು ಬಂದ ಕೂಡಲೇ ಆಸ್ಪತ್ರೆಯವರು ಎಂಎಲ್‌ಸಿ ಮಾಡುತ್ತಾರೆ. ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸು ಅಂತ ರಿಜಿಸ್ಟರಿನಲ್ಲಿ ದಾಖಲಿಸುವುದು. ಅಲ್ಲಿ "ಪೆಟ್ಟು ಹೇಗಾಯಿತು" ಅಂತ ಒಂದೇ ಒಂದು ಸಾಲು ಇರುತ್ತದೆ. ಕೇಸು ಗೆಲ್ಲುವುದೂ ಸೋಲುವುದೂ ಎಷ್ಟೋ ಸಲ ಆ ಒಂದು ಸಾಲಿನ ಮೇಲೆ.

ಆಗುವುದು ಹೀಗೆ. ಗಾಯಾಳುವಿಗೆ ಪ್ರಜ್ಞೆ ಇರುವುದಿಲ್ಲ. ಕರೆದುಕೊಂಡು ಬಂದ ದಾರಿಹೋಕರು ಅಪಘಾತವನ್ನು ಕಣ್ಣಾರೆ ನೋಡಿರುವುದಿಲ್ಲ, "ಬೈಕಿಂದ ಬಿದ್ದಿದ್ರು ಸಾರ್" ಅಂದುಬಿಡುತ್ತಾರೆ. ಡ್ಯೂಟಿ ಡಾಕ್ಟರ್ ಅದನ್ನೇ "ಸ್ಕಿಡ್ ಆಗಿ ಸ್ವತಃ ಬಿದ್ದದ್ದು" ಅಂತ ಬರೆಯುತ್ತಾರೆ. ಹಿಂದಿನಿಂದ ಕಾರು ಗುದ್ದಿದ್ದು ಆಮೇಲೆ ಗೊತ್ತಾಗುತ್ತದೆ. ಎರಡು ವರ್ಷದ ನಂತರ ವಿಮಾ ಕಂಪನಿಯ ವಕೀಲರು ಅದೇ ಸಾಲು ತೋರಿಸಿ, ತಾನಾಗಿಯೇ ಬಿದ್ದವರು ಆಮೇಲೆ ಕಾರನ್ನು ಸೇರಿಸಿದ್ದಾರೆ ಅಂತ ವಾದಿಸುತ್ತಾರೆ. ಆದ್ದರಿಂದ ಮನೆಯವರು ಆಸ್ಪತ್ರೆ ತಲುಪಿದ ದಿನವೇ ಆ ಸಾಲನ್ನು ಕೇಳಿ ತಿಳಿದುಕೊಳ್ಳಿ. ತಪ್ಪಿದ್ದರೆ ನಿಮಗೆ ಗೊತ್ತಿರುವ ಸಂಗತಿಯನ್ನು ಪತ್ರದಲ್ಲಿ ಬರೆದು ಕೊಟ್ಟು, ಸ್ವೀಕರಿಸಿದ ಸೀಲು ಹಾಕಿಸಿಕೊಳ್ಳಿ. ಹಳೆಯ ದಾಖಲೆಯನ್ನು ತಿದ್ದಿಸಲು ಹೋಗಬೇಡಿ, ತಿದ್ದಿದ ಕಾಗದಕ್ಕೆ ಬೆಲೆ ಇನ್ನೂ ಕಡಿಮೆ. "ಮದ್ಯದ ವಾಸನೆ" ಅಂತ ಬರೆದಿದ್ದರೂ ಇಷ್ಟೇ ಎಚ್ಚರ ಬೇಕು.

ಇನ್ನೊಂದು ಸಂಖ್ಯೆಯನ್ನೂ ಕೇಳಿ: ಜಿಸಿಎಸ್. ಗ್ಲಾಸ್ಗೋ ಕೋಮಾ ಸ್ಕೇಲ್ ಅನ್ನುವುದರ ಚಿಕ್ಕ ಹೆಸರು ಇದು. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತಾರೆ. 13ರಿಂದ 15 ಇದ್ದರೆ ಸಣ್ಣ ಪೆಟ್ಟು, 9ರಿಂದ 12 ಮಧ್ಯಮ, 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಬಂದಾಗಿನ ಜಿಸಿಎಸ್ ಇರಲೇಬೇಕು. ಹಾಗೆಯೇ ಎಷ್ಟು ಹೊತ್ತು ಪ್ರಜ್ಞೆ ಇರಲಿಲ್ಲ, ವಾಂತಿ ಆಯಿತಾ, ಫಿಟ್ಸ್ ಬಂತಾ, ಕಿವಿ ಮೂಗಿನಿಂದ ರಕ್ತ ಬಂತಾ, ಇದೂ ಇರಬೇಕು. ಸಿಟಿ ಸ್ಕ್ಯಾನಿನ ರಿಪೋರ್ಟ್ ಸಾಲದು, ಫಿಲ್ಮ್ ಅಥವಾ ಸಿಡಿಯನ್ನೂ ಪಡೆದು ಇಟ್ಟುಕೊಳ್ಳಿ. ಸಿಟಿ ನಾರ್ಮಲ್ ಬಂತು ಅಂತ ಕೇಸೇ ಇಲ್ಲ ಅಂದುಕೊಳ್ಳಬೇಡಿ, ಸಿಟಿಯಲ್ಲಿ ಕಾಣದ ಗಾಯ ಎಂಆರ್‌ಐಯಲ್ಲಿ ಕಾಣಬಹುದು.

ಖರ್ಚಿನ ವಿಷಯ: 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ನಗದುರಹಿತ ಚಿಕಿತ್ಸೆಯ ಯೋಜನೆ ಜಾರಿಗೆ ತಂದಿದೆ. ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನ, 1.5 ಲಕ್ಷ ರೂಪಾಯಿವರೆಗೆ. ಆಸ್ಪತ್ರೆಯ ಕೌಂಟರಿನಲ್ಲಿ ಮೊದಲ ದಿನವೇ ಕೇಳಿ.

2. ಪೊಲೀಸ್ ದೂರು ತಡ ಮಾಡಬೇಡಿ

"ಮೊದಲು ಜೀವ ಉಳೀಲಿ, ದೂರು ಆಮೇಲೆ" ಅನ್ನುವುದು ಸಹಜ. ಆದರೆ ದೂರು ಕೊಡಲು ಗಾಯಾಳುವೇ ಬೇಕಿಲ್ಲ. ತಲೆಗೆ ಪೆಟ್ಟಾದವರಿಗೆ ಅಪಘಾತದ ಹೊತ್ತಿನದು ನೆನಪೇ ಇರುವುದಿಲ್ಲ, ಎಷ್ಟೋ ಜನರಿಗೆ ಅದು ಎಂದೂ ಮರಳಿ ಬರುವುದೂ ಇಲ್ಲ. ಅವರು ಎಚ್ಚರವಾಗಲಿ ಅಂತ ಕಾಯುವುದರಲ್ಲಿ ಅರ್ಥವಿಲ್ಲ. ಅಣ್ಣ, ಹೆಂಡತಿ, ಸ್ನೇಹಿತ, ಕಣ್ಣಾರೆ ಕಂಡವರು, ಯಾರು ಬೇಕಾದರೂ ಕೊಡಬಹುದು. ತಡವಾಗಿದ್ದರೆ ಯಾಕೆ ತಡವಾಯಿತು ಅಂತ ದೂರಿನಲ್ಲೇ ಬರೆಯಿರಿ: ಐಸಿಯುನಲ್ಲಿದ್ದರು, ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ ಅಂತ.

ದೂರಿನಲ್ಲಿ ನಿಮಗೆ ಗೊತ್ತಿರುವಷ್ಟೇ ಇರಲಿ. ನೋಡದೆ ಇದ್ದವರು "ನಾನು ನೋಡಿದೆ" ಅಂತ ಬರೆಯಬೇಡಿ. ಪಾಟಿ ಸವಾಲಿನಲ್ಲಿ, ಅಂದರೆ ಎದುರು ಪಕ್ಷದ ವಕೀಲರು ಪ್ರಶ್ನೆ ಕೇಳುವಾಗ, ಅದು ಬಿದ್ದು ಹೋಗುತ್ತದೆ, ಜೊತೆಗೆ ನಿಮ್ಮ ನಿಜವಾದ ಮಾತುಗಳ ಬೆಲೆಯೂ ಹೋಗುತ್ತದೆ. ಹತ್ತಿರದ ಅಂಗಡಿ, ಪೆಟ್ರೋಲ್ ಬಂಕ್, ಬಸ್ ಸ್ಟಾಂಡಿನ ಸಿಸಿಟಿವಿ ದೃಶ್ಯ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ. ಅದನ್ನು ತೆಗೆದಿರಿಸಿ ಅಂತ ಠಾಣೆಗೆ ಲಿಖಿತವಾಗಿ ಕೇಳಿ.

ಠಾಣೆಯಿಂದ ಮುಂದೆ ಬೇಕಾಗುವ ಕಾಗದಗಳು: ಎಫ್‌ಐಆರ್ ಮತ್ತು ದೂರಿನ ಪ್ರತಿ, ಸ್ಥಳ ಮಹಜರು ಮತ್ತು ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ (ವಾಹನಕ್ಕೆ ಎಲ್ಲಿ ಪೆಟ್ಟಾಗಿದೆ ಅಂತ ಹೇಳುವುದು), ಗಾಯದ ಪ್ರಮಾಣಪತ್ರ, ಕೊನೆಗೆ ಚಾರ್ಜ್‌ಶೀಟ್. ಎದುರು ವಾಹನದ ಆರ್‌ಸಿ, ಇನ್ಶೂರೆನ್ಸ್, ಡ್ರೈವರ್ ಲೈಸೆನ್ಸಿನ ಪ್ರತಿಯೂ ಬೇಕು.

2022ರಿಂದ ಇನ್ನೊಂದು ನಿಯಮ ಇದೆ, ಬಹಳ ಜನಕ್ಕೆ ತಿಳಿದಿಲ್ಲ. ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನೂ, 90 ದಿನದೊಳಗೆ ವಿವರವಾದ ಅಪಘಾತ ವರದಿಯನ್ನೂ ನ್ಯಾಯಮಂಡಳಿಗೆ, ಅಂದರೆ ಅಪಘಾತ ಪರಿಹಾರದ ಕೇಸು ನಡೆಸುವ ಕೋರ್ಟಿಗೆ, ಕೊಡಬೇಕು. ಈ ಎರಡನೆಯದನ್ನು ಡಿಎಆರ್ ಅಂತಾರೆ. ಕಾನೂನಿನ ಪ್ರಕಾರ ಆ ವರದಿಯನ್ನೇ ಪರಿಹಾರದ ಅರ್ಜಿಯಾಗಿ ತೆಗೆದುಕೊಳ್ಳಬಹುದು. ಅದನ್ನು ನಂಬಿ ಸುಮ್ನೆ ಕೂರಬೇಡಿ, ನಿಮ್ಮ ಅರ್ಜಿಯನ್ನು ನೀವೇ ಹಾಕಿ.

3. ಆರು ತಿಂಗಳ ಗಡುವು

ಮೋಟಾರು ವಾಹನ ಕಾಯ್ದೆ 1988ರ 166ನೇ ಸೆಕ್ಷನ್ ಅಡಿ ಹಾಕುವ ಅರ್ಜಿಗೆ ಅಪಘಾತದ ದಿನದಿಂದ ಆರು ತಿಂಗಳು ಮಾತ್ರ ಸಮಯ. 2019ರ ತಿದ್ದುಪಡಿಯಲ್ಲಿ ಬಂದ ಈ ನಿಯಮ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದನ್ನು ಪ್ರಶ್ನಿಸಿದ ಅರ್ಜಿಗಳ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ, ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಅರ್ಜಿ ವಜಾ ಮಾಡಬೇಡಿ ಅಂತ ಮಧ್ಯಂತರ ಆದೇಶ ಕೊಟ್ಟಿತು. ಗಡುವು ದಾಟಿದವರು ಅದನ್ನು ಹಿಡಿದು ವಕೀಲರ ಬಳಿ ಹೋಗಿ. ಇನ್ನೂ ಸಮಯ ಇರುವವರು ಮಾತ್ರ ಆ ಆದೇಶ ನೆಚ್ಚಿಕೊಂಡು ಕೂರಬೇಡಿ. ಚಿಕಿತ್ಸೆ ಮುಗಿಯದಿದ್ದರೂ ಅರ್ಜಿ ಹಾಕಬಹುದು, ಬಿಲ್ಲು, ವೈದ್ಯರ ವರದಿ ಆಮೇಲೆ ಸೇರಿಸಬಹುದು.

ಎಲ್ಲಿ ಹಾಕುವುದು? ಅಪಘಾತವಾದ ಊರಲ್ಲೇ ಆಗಬೇಕೆಂದಿಲ್ಲ. ಗಾಯಾಳು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲೂ ಹಾಕಬಹುದು. ಗೋವಾಕ್ಕೋ ಮುಂಬೈಗೋ ಕೆಲಸಕ್ಕೆ ಹೋಗಿ ಅಲ್ಲಿ ಪೆಟ್ಟಾಗಿ ಊರಿಗೆ ಮರಳಿದವರು, ವಿಜಯಪುರದಲ್ಲೋ ಕಲಬುರಗಿಯಲ್ಲೋ ತಮ್ಮ ಊರಿನ ಕೋರ್ಟಿನಲ್ಲೇ ಕೇಸು ನಡೆಸಬಹುದು. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ ಈ ಕೇಸು ನಡೆಯುತ್ತವೆ. ಕೇಸಿಗೆ ಎಂವಿಸಿ (ಮೋಟಾರು ವಾಹನ ಕೇಸು) ಅಂತ ನಂಬರ್ ಬೀಳುತ್ತದೆ.

4. ನಿಮ್ಮ ಕೇಸಿಗೆ ಯಾವ ದಾರಿ?

ಎದುರು ವಾಹನದವರ ತಪ್ಪಿದ್ದರೆ 166ನೇ ಸೆಕ್ಷನ್. ಪೂರ್ತಿ ನಷ್ಟಕ್ಕೆ ಪರಿಹಾರ ಸಿಗುವುದು ಇದರಲ್ಲೇ. ತಪ್ಪು ಯಾರದು ಅಂತ ನೋಡದೆ ಕೊಡುವ 164ನೇ ಸೆಕ್ಷನ್ ಕೂಡ ಇದೆ, ಅದರಲ್ಲಿ ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ. ಇಲ್ಲೊಂದು ಗುಂಡಿ ಇದೆ. ವಿಮಾ ಕಂಪನಿ ಬೇಗನೆ ಬಂದು 164ರ ಅಡಿ ಹಣ ಕೊಡುತ್ತೇವೆ ಅಂದಾಗ ನೀವು ಒಪ್ಪಿ ತೆಗೆದುಕೊಂಡರೆ, ನ್ಯಾಯಮಂಡಳಿಯಲ್ಲಿರುವ ನಿಮ್ಮ ಕ್ಲೇಮ್ ಅರ್ಜಿ ಅಲ್ಲಿಗೇ ಮುಗಿದಂತೆ. ಆಸ್ಪತ್ರೆ ಬಿಲ್ಲಿನ ಒತ್ತಡದಲ್ಲಿ ಸಹಿ ಹಾಕಿದರೆ ಜೀವನಪೂರ್ತಿ ಆರೈಕೆಯ ಹಣ ಕೈತಪ್ಪುತ್ತದೆ. ಮಿದುಳಿನ ಪೆಟ್ಟಿನ ಕೇಸಿನಲ್ಲಿ ಮೊದಲ ತಿಂಗಳಲ್ಲಿ ಬಂದ ಯಾವ ಆಫರನ್ನೂ ವಕೀಲರಿಗೆ ತೋರಿಸದೆ ಒಪ್ಪಬೇಡಿ.

ಗುದ್ದಿದ ವಾಹನ ಸಿಗದಿದ್ದರೆ, ಅಂದರೆ ಹಿಟ್ ಅಂಡ್ ರನ್ ಆದರೆ, ತೀವ್ರ ಗಾಯಕ್ಕೆ ಸಿಗುವುದು 50 ಸಾವಿರ ರೂಪಾಯಿ. ಇದು ತೀರಾ ಕಡಿಮೆ ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ. ವಾಹನ ಪತ್ತೆ ಹಚ್ಚಿಸಲು ಪೊಲೀಸರ ಬೆನ್ನು ಬೀಳುವುದು ಅದಕ್ಕೇ ಮುಖ್ಯ.

ತಪ್ಪು ಗಾಯಾಳುವಿನದೇ ಆಗಿದ್ದು ಬೈಕು ಅವರದೇ ಆಗಿದ್ದರೆ, ಪಾಲಿಸಿಯಲ್ಲಿ ಮಾಲೀಕ ಚಾಲಕರ ವೈಯಕ್ತಿಕ ಅಪಘಾತ ವಿಮೆ ಇದೆಯೇ ನೋಡಿ. ಅದರ ಮೊತ್ತ 15 ಲಕ್ಷ, ಆದರೆ ಸಾವು ಅಥವಾ ಪಾಲಿಸಿಯಲ್ಲಿ ಪಟ್ಟಿ ಮಾಡಿದ ತೀವ್ರ ಅಂಗವೈಕಲ್ಯಕ್ಕೆ ಮಾತ್ರ, ಚಾಲ್ತಿಯಲ್ಲಿರುವ ಲೈಸೆನ್ಸೂ ಬೇಕು. ಹಿಂದೆ ಕೂತವರಿಗೆ ಪೆಟ್ಟಾಗಿದ್ದರೆ, ಆ ಬೈಕಿನ ಪಾಲಿಸಿ ಬರೀ ಥರ್ಡ್ ಪಾರ್ಟಿಯೋ (ಬೇರೆಯವರಿಗಾದ ನಷ್ಟಕ್ಕೆ ಮಾತ್ರ) ಪ್ಯಾಕೇಜೋ (ಸ್ವಂತ ವಾಹನದ ನಷ್ಟವೂ ಸೇರಿದ್ದು) ಅನ್ನುವುದರ ಮೇಲೆ ಬಹಳಷ್ಟು ನಿಂತಿದೆ. ಕೆಲಸದ ಮೇಲಿದ್ದಾಗ ಆದ ಅಪಘಾತವಾದರೆ ಕಾರ್ಮಿಕರ ಪರಿಹಾರದ ಕಾನೂನಿನಡಿ ಕೇಳಬೇಕೋ ಮೋಟಾರು ಕಾಯ್ದೆಯಡಿ ಕೇಳಬೇಕೋ ಅಂತ ಒಂದನ್ನೇ ಆರಿಸಬೇಕು, ಎರಡರಲ್ಲೂ ಕೇಳುವಂತಿಲ್ಲ.

ಹೆಲ್ಮೆಟ್ ಇರಲಿಲ್ಲ ಅಂತ ಕೇಸು ಬೀಳುವುದಿಲ್ಲ. ಪರಿಹಾರದಲ್ಲಿ ಒಂದು ಪಾಲು ಕಡಿಮೆ ಆಗಬಹುದು ಅಷ್ಟೆ. ಇತ್ತು ಅಂತ ಸುಳ್ಳು ಹೇಳಬೇಡಿ.

5. ಇಂದಿನಿಂದಲೇ ಒಂದು ನೋಟ್‌ಬುಕ್ ಇಡಿ

ಇಡೀ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ದಿನಾಂಕ ಹಾಕಿ, ಮನೆಯಲ್ಲಿ ಕಂಡದ್ದನ್ನು ಎರಡು ಸಾಲು ಬರೆಯಿರಿ. "ಸಿಟ್ಟು ಜಾಸ್ತಿ" ಅಂತ ಬರೆದರೆ ಉಪಯೋಗವಿಲ್ಲ. "ಮಗಳು ಟಿವಿ ಸೌಂಡ್ ಜೋರು ಮಾಡಿದ್ದಕ್ಕೆ ತಟ್ಟೆ ಎಸೆದರು, ಹತ್ತು ನಿಮಿಷದ ಮೇಲೆ ಅದು ನೆನಪೇ ಇರಲಿಲ್ಲ" ಅಂತ ಬರೆಯಿರಿ. ದಾರಿ ತಪ್ಪಿದ್ದು, ಚಿಲ್ಲರೆ ಎಣಿಸಲಾಗದ್ದು, ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದ್ದು, ತಲೆನೋವು, ತಲೆಸುತ್ತು, ನಿದ್ದೆ, ವಾಸನೆ ಗೊತ್ತಾಗದಿರುವುದು, ಫಿಟ್ಸ್ ಬಂದ ದಿನ ಮತ್ತು ಸಮಯ, ಎಲ್ಲವೂ ಅದರಲ್ಲಿರಲಿ. ಸ್ನಾನ, ಊಟ, ಬಟ್ಟೆ ಹಾಕಿಕೊಳ್ಳುವುದಕ್ಕೆ ಯಾರು ಎಷ್ಟು ಹೊತ್ತು ಜೊತೆಗಿರಬೇಕು ಅನ್ನುವುದನ್ನೂ ಬರೆಯಿರಿ. ಹೆಂಡತಿಯೋ ಅಮ್ಮನೋ ಕೂಲಿ ಬಿಟ್ಟು ನೋಡಿಕೊಳ್ಳುತ್ತಿದ್ದರೆ ಅದೂ ಒಂದು ನಷ್ಟ, ಆರೈಕೆಯ ವೆಚ್ಚವನ್ನು ಕೇಳುವಾಗ ಬೇಕಾಗುತ್ತದೆ.

ಈ ನೋಟ್‌ಬುಕ್ ನೇರವಾಗಿ ಕೋರ್ಟಿಗೆ ಹೋಗುವುದು ಕಡಿಮೆ. ಪ್ರತಿ ಸಲ ಆಸ್ಪತ್ರೆಗೆ ಹೋದಾಗ ಅದನ್ನು ನೋಡಿಕೊಂಡು ಡಾಕ್ಟರ್‌ಗೆ ಹೇಳಿ, ಓಪಿಡಿ ಪುಸ್ತಕದಲ್ಲಿ ಬರೆಸಿ. ಗಾಯಾಳು ಒಬ್ಬರೇ ಒಳಗೆ ಹೋದರೆ "ಏನೂ ತೊಂದರೆ ಇಲ್ಲ ಡಾಕ್ಟ್ರೇ" ಅಂದು ಹೊರಬರುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಮಿದುಳಿನ ಮುಂಭಾಗಕ್ಕೆ ಪೆಟ್ಟಾದಾಗ ತನಗೆ ಏನಾಗಿದೆ ಅಂತ ತಿಳಿಯುವ ಶಕ್ತಿಯೇ ಕುಂದುವುದುಂಟು. ಆದರೆ ಓಪಿಡಿ ಪುಸ್ತಕದಲ್ಲಿ "ಯಾವ ತೊಂದರೆಯೂ ಇಲ್ಲ" ಅಂತ ಉಳಿದುಬಿಡುತ್ತದೆ. ಹಾಗಾಗಿ ಯಾವಾಗಲೂ ಒಬ್ಬರು ಜೊತೆಗೆ ಹೋಗಿ.

ಮೆಡಿಕಲ್ ಬಿಲ್ಲುಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ. ಥರ್ಮಲ್ ಪೇಪರಿನ ಬಿಲ್ ಮಾಸಿಹೋಗುತ್ತದೆ, ಅಂದೇ ಜೆರಾಕ್ಸ್ ಮಾಡಿಸಿ. ಆಂಬ್ಯುಲೆನ್ಸ್, ಆಟೋ, ಫಿಸಿಯೋಥೆರಪಿ, ಡೈಪರ್, ಮನೆಗೆ ಬರುವ ನರ್ಸಿಗೆ ಕೊಟ್ಟ ಹಣ, ಇವಕ್ಕೂ ರಸೀದಿ ಬೇಕು.

6. ವಕೀಲರು ಮತ್ತು ಸಹಿ

ಆಸ್ಪತ್ರೆ ಬಾಗಿಲಲ್ಲೇ "ಎಲ್ಲ ನಾವೇ ನೋಡ್ಕೋತೀವಿ, ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ಕೊಡಿ ಸಾಕು" ಅನ್ನುವ ಏಜೆಂಟರು ಸಿಗುತ್ತಾರೆ. ಕೇಸಿನ ಫಲದ ಮೇಲೆ ಪಾಲು ಕೇಳುವುದು ವಕೀಲರ ಪರಿಷತ್ತಿನ ನಿಯಮಕ್ಕೇ ವಿರುದ್ಧ. ಖಾಲಿ ಹಾಳೆಗೆ, ಖಾಲಿ ಚೆಕ್ಕಿಗೆ ಸಹಿ ಹಾಕಲೇಬೇಡಿ. ಮೂಲ ದಾಖಲೆ ಕೊಟ್ಟರೆ ಪಟ್ಟಿ ಬರೆದು ಸಹಿ ಮಾಡಿಸಿಕೊಳ್ಳಿ. ಹಣ ಇಲ್ಲದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಮಹಿಳೆಯರಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ ಆದಾಯದ ಮಿತಿಯೂ ಇಲ್ಲ. ಸಹಾಯವಾಣಿ 15100.

ತಲೆಗೆ ಪೆಟ್ಟಾದವರ ಕೇಸಿನಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ: ವಕಾಲತ್ತಿಗೆ, ಅಂದರೆ ವಕೀಲರಿಗೆ ಕೇಸು ಒಪ್ಪಿಸುವ ಪತ್ರಕ್ಕೆ, ಸಹಿ ಯಾರದು? ಕೋಮಾದಲ್ಲಿರುವವರ ಅಥವಾ ವಿಷಯ ಅರ್ಥವಾಗದವರ ಹೆಬ್ಬೆಟ್ಟು ಒತ್ತಿಸಿ ಕೇಸು ಹಾಕುವುದು ತಪ್ಪು, ಆಮೇಲೆ ಅದೇ ಮುಳುವಾಗುತ್ತದೆ. ಅಂಥವರ ಪರವಾಗಿ ಹೆಂಡತಿ, ಗಂಡ, ತಂದೆ, ತಾಯಿ, ಯಾರಾದರೂ ಒಬ್ಬರು ನೆಕ್ಸ್ಟ್ ಫ್ರೆಂಡ್ ಆಗಿ ಕೇಸು ನಡೆಸುತ್ತಾರೆ. ಗಾಯಾಳುವಿನ ಹಿತಕ್ಕಾಗಿ ಕೋರ್ಟಿನ ಮುಂದೆ ನಿಲ್ಲುವವರು ಅಂತ ಅರ್ಥ. ಇದಕ್ಕೆ ವೈದ್ಯರ ಪತ್ರದೊಂದಿಗೆ ಮೊದಲೇ ಅರ್ಜಿ ಕೊಡಬೇಕು. ಹೀಗೆ ನಡೆಯುವ ಕೇಸಿನಲ್ಲಿ ಕೋರ್ಟಿನ ಅನುಮತಿ ಇಲ್ಲದೆ ರಾಜಿ ಮಾಡಿಕೊಳ್ಳುವಂತಿಲ್ಲ.

7. ಅಂಗವೈಕಲ್ಯದ ಪರೀಕ್ಷೆ

ಅವಸರ ಬೇಡ. ಮಿದುಳು ಮೊದಲ ತಿಂಗಳುಗಳಲ್ಲಿ ಬಹಳಷ್ಟು ಚೇತರಿಸಿಕೊಳ್ಳುತ್ತದೆ, ಆಮೇಲೆ ನಿಧಾನವಾಗುತ್ತದೆ. ಸ್ಥಿತಿ ಒಂದು ಹದಕ್ಕೆ ಬಂದ ಮೇಲೆ ಮಾಡಿಸಿದ ಪರೀಕ್ಷೆಗೇ ತೂಕ. ಬೇಕಾದದ್ದು ನ್ಯೂರೋಸೈಕಾಲಜಿ ಪರೀಕ್ಷೆ. ನೆನಪು, ಗಮನ, ಯೋಜನೆ, ಮಾತು, ಲೆಕ್ಕ, ಇವುಗಳನ್ನು ಗಂಟೆಗಟ್ಟಲೆ ಕೂರಿಸಿ ಅಳೆಯುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಸೌಲಭ್ಯ ಇದೆ. ಸ್ಕ್ಯಾನಿನಲ್ಲಿ ಗಾಯ ಆರಿದೆ ಅಂತ ಕಂಡರೂ ಕೆಲಸ ಮಾಡುವ ಶಕ್ತಿ ಹೋಗಿದೆ ಅಂತ ತೋರಿಸಬಲ್ಲದ್ದು ಈ ವರದಿಯೇ.

ಅಂಗವೈಕಲ್ಯದ ಪ್ರಮಾಣಪತ್ರ ಕೊಟ್ಟ ವೈದ್ಯರು ಸಾಕ್ಷಿ ಹೇಳಬೇಕು, ಇಲ್ಲದಿದ್ದರೆ ಆ ಕಾಗದಕ್ಕೆ ಹೆಚ್ಚು ಬೆಲೆ ಇರುವುದಿಲ್ಲ. ಆದಷ್ಟು ಚಿಕಿತ್ಸೆ ಕೊಟ್ಟ ವೈದ್ಯರನ್ನೇ ಕೇಳಿ. ಬರೀ ಸರ್ಟಿಫಿಕೇಟ್ ಕೊಡಲೆಂದೇ ಒಂದು ಸಲ ನೋಡಿದವರ ಮಾತನ್ನು ಕೋರ್ಟು ಅನುಮಾನದಿಂದ ನೋಡುತ್ತದೆ. ಸರ್ಕಾರದ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಬೇರೆ ವಿಷಯ, ಪಿಂಚಣಿ, ಬಸ್ ಪಾಸಿಗೆ ಅದನ್ನೂ ಮಾಡಿಸಿ.

8. ಲೆಕ್ಕ ಹೇಗೆ ಮಾಡುತ್ತಾರೆ

ಡಾಕ್ಟರ್ ಹೇಳುವ ಅಂಗವೈಕಲ್ಯದ ಶೇಕಡಾವಾರು ಒಂದು, ದುಡಿಯುವ ಶಕ್ತಿ ಎಷ್ಟು ಹೋಯಿತು ಅನ್ನುವುದು ಇನ್ನೊಂದು. ಎರಡೂ ಬೇರೆ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಸ್ಪಷ್ಟವಾಗಿ ಹೇಳಿದೆ. ಒಂದು ಉದಾಹರಣೆ ನೋಡಿ. 34 ವರ್ಷದ ಟ್ಯಾಕ್ಸಿ ಚಾಲಕ, ತಿಂಗಳಿಗೆ 20,000 ದುಡಿಮೆ. ಸ್ವಂತ ದುಡಿಮೆಯ, 40 ವರ್ಷದೊಳಗಿನವರಿಗೆ ಮುಂದೆ ಆದಾಯ ಬೆಳೆಯುತ್ತಿತ್ತು ಅಂತ ಶೇಕಡಾ 40 ಸೇರಿಸುತ್ತಾರೆ, 28,000 ಆಯಿತು. ವರ್ಷಕ್ಕೆ 3,36,000. 31ರಿಂದ 35 ವರ್ಷದವರಿಗೆ ಗುಣಕ 16, ಅಂದರೆ ವರ್ಷದ ನಷ್ಟವನ್ನು ಎಷ್ಟರಿಂದ ಗುಣಿಸಬೇಕು ಅನ್ನುವ ಸಂಖ್ಯೆ. ಒಟ್ಟು 53,76,000. ಡಾಕ್ಟರ್ ಬರೆದ ಶೇಕಡಾ 30ನ್ನೇ ಹಿಡಿದರೆ ಸಿಗುವುದು 16,12,800. ಆದರೆ ಅಪಘಾತದ ನಂತರ ಫಿಟ್ಸ್ ಬರುತ್ತಿದೆ, ಸ್ಟೇರಿಂಗ್ ಹಿಡಿಯುವಂತಿಲ್ಲ, ಬೇರೆ ಕೆಲಸ ಕಲಿಯಲು ನೆನಪು ಸಾಲದು ಅಂತ ಸಾಬೀತಾದರೆ ಶೇಕಡಾ 100 ಕೇಳಲು ಪೂರ್ತಿ ಆಧಾರ ಇದೆ. ಅದಕ್ಕೇ ಗಾಯಾಳುವಿನ ಕೆಲಸ ಏನಿತ್ತು, ಅದರಲ್ಲಿ ದಿನವೂ ಏನೇನು ಮಾಡಬೇಕಿತ್ತು ಅನ್ನುವುದನ್ನು ಮಾಲೀಕರಿಂದಲೋ ಜೊತೆಯವರಿಂದಲೋ ಹೇಳಿಸಿ. ಆದಾಯಕ್ಕೆ ಬ್ಯಾಂಕ್ ಪಾಸ್‌ಬುಕ್, ಐಟಿ ರಿಟರ್ನ್, ಸಂಬಳದ ಚೀಟಿ, ಏನಿದೆಯೋ ಅದು.

ಇದರ ಜೊತೆಗೆ ಚಿಕಿತ್ಸೆ ವೆಚ್ಚ, ಮುಂದಿನ ಚಿಕಿತ್ಸೆ, ನೋವು, ಬದುಕಿನ ಸುಖಸೌಕರ್ಯ ಕಳೆದುಕೊಂಡದ್ದು, ಪೌಷ್ಟಿಕ ಆಹಾರ, ಓಡಾಟ, ಆರೈಕೆದಾರರ ವೆಚ್ಚ, ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಕೇಳಬೇಕು. ಆರೈಕೆಯ ವೆಚ್ಚವನ್ನು ಬಹಳ ಅರ್ಜಿಗಳಲ್ಲಿ ಮರೆಯುತ್ತಾರೆ, ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಮಿದುಳಿಗೆ ತೀವ್ರ ಪೆಟ್ಟಾಗಿದ್ದ 12 ವರ್ಷದ ಹುಡುಗಿಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2020ರ ಫೆಬ್ರವರಿಯಲ್ಲಿ ಆರೈಕೆಯ ವೆಚ್ಚಕ್ಕೂ ಗುಣಕವನ್ನೇ ಬಳಸಿತು. ಇಬ್ಬರು ಆರೈಕೆದಾರರು, ತಲಾ ತಿಂಗಳಿಗೆ 5,000, ಗುಣಕ 18, ಬರೀ ಅದಕ್ಕೇ 21,60,000 ರೂಪಾಯಿ. ಈ ತೀರ್ಪನ್ನು ನಿಮ್ಮ ವಕೀಲರಿಗೆ ನೆನಪಿಸಿ.

9. ಸಾಕ್ಷಿ ಹೇಳುವ ದಿನ

ಗಾಯಾಳುವನ್ನು ಸಾಕ್ಷಿಕಟ್ಟೆಗೆ ಕರೆಯಬೇಕೋ ಬೇಡವೋ ಅಂತ ವಕೀಲರ ಜೊತೆ ಮೊದಲೇ ಮಾತಾಡಿ. ಕರೆದರೆ, ಗೊತ್ತಿಲ್ಲದ್ದಕ್ಕೆ "ನೆನಪಿಲ್ಲ" ಅನ್ನಲಿ, ಊಹಿಸಿ ಉತ್ತರ ಕೊಡುವುದು ಬೇಡ. ಉರು ಹೊಡೆಸಿ ಕಳಿಸಬೇಡಿ. ಮನೆಯವರ ಸಾಕ್ಷಿ ಬೇರೆಯಾಗಿ ಇರಲೇಬೇಕು, ಮೊದಲು ಹೇಗಿದ್ದರು, ಈಗ ಹೇಗಿದ್ದಾರೆ ಅಂತ ಹೇಳಲು. ನೋಟ್‌ಬುಕ್ಕನ್ನು ಹಿಂದಿನ ದಿನ ಒಮ್ಮೆ ಓದಿಕೊಂಡು ಹೋಗಿ. ಕೋರ್ಟಿಗೆ ಬರುವ ಸ್ಥಿತಿಯಲ್ಲೇ ಇಲ್ಲದಿದ್ದರೆ ಕೋರ್ಟು ನೇಮಿಸುವ ಕಮಿಷನರನ್ನು ಮನೆಗೆ ಕಳಿಸಿ ಹೇಳಿಕೆ ಪಡೆಯುವಂತೆ ಅರ್ಜಿ ಹಾಕಬಹುದು. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ ಮದುವೆಯ ಫೋಟೋ, ಪ್ರವಾಸದ ಫೋಟೋ ಕೂಡ ಪಾಟಿ ಸವಾಲಿನಲ್ಲಿ ಬರಬಹುದು, ತಿಳಿದಿರಲಿ.

10. ರಾಜಿ, ತೀರ್ಪು, ಹಣ

ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಬೇಗ ಹಣ ಸಿಗುತ್ತದೆ, ಆದರೆ ಅದರ ಮೇಲೆ ಮೇಲ್ಮನವಿ ಇಲ್ಲ. ಸಣ್ಣ ಪೆಟ್ಟಾಗಿ ಪೂರ್ತಿ ಗುಣವಾಗಿದ್ದರೆ ಒಳ್ಳೆಯ ದಾರಿ. ಫಿಟ್ಸ್ ಮಾತ್ರೆ ಇನ್ನೂ ನಡೆಯುತ್ತಿದ್ದರೆ, ನ್ಯೂರೋಸೈಕಾಲಜಿ ವರದಿ ಇನ್ನೂ ಕೈಗೆ ಬಂದಿಲ್ಲದಿದ್ದರೆ ರಾಜಿಗೆ ಕೂರಬೇಡಿ. ಪರಿಹಾರ ಒಮ್ಮೆ ನಿಗದಿಯಾದರೆ ಮುಗಿಯಿತು, ಐದು ವರ್ಷದ ನಂತರ ಇನ್ನೊಂದು ಆಪರೇಷನ್ ಬೇಕಾಯಿತು ಅಂತ ಮತ್ತೆ ಬಾಗಿಲು ತಟ್ಟಲಾಗದು.

ತೀರ್ಪಿನ ಮೊತ್ತ ಕಡಿಮೆ ಅನ್ನಿಸಿದರೆ 90 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ ಹಾಕಬೇಕು. ತೀರ್ಪಿನ ದೃಢೀಕೃತ ಪ್ರತಿಗೆ ಅಂದೇ ಅರ್ಜಿ ಕೊಡಿ. ಹಣ ಬಂದಾಗ ಒಂದು ಪಾಲನ್ನು ಗಾಯಾಳುವಿನ ಹೆಸರಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡಲು ನ್ಯಾಯಮಂಡಳಿ ಹೇಳುವುದುಂಟು. ಇದಕ್ಕೆ ಬೇಜಾರಾಗಬೇಡಿ, ಹಣದ ಲೆಕ್ಕ ತಿಳಿಯದ ಸ್ಥಿತಿಯಲ್ಲಿರುವವರ ಹಣ ನೆಂಟರಿಷ್ಟರ ಕೈಸಾಲವಾಗಿ ಕರಗದಿರಲಿ ಅಂತಲೇ ಆ ವ್ಯವಸ್ಥೆ. ಚಿಕಿತ್ಸೆಗೆ ತುರ್ತಾಗಿ ಬೇಕಾದರೆ ಆಸ್ಪತ್ರೆಯ ಅಂದಾಜು ಪಟ್ಟಿಯೊಂದಿಗೆ ಅದೇ ನ್ಯಾಯಮಂಡಳಿಗೆ ಅರ್ಜಿ ಹಾಕಿ ಅವಧಿಗೆ ಮುಂಚೆಯೇ ಬಿಡಿಸಿಕೊಳ್ಳಬಹುದು. ಠೇವಣಿಯ ಬಡ್ಡಿಯನ್ನು ತಿಂಗಳು ತಿಂಗಳು ಗಾಯಾಳುವಿನ ಉಳಿತಾಯ ಖಾತೆಗೆ ಹಾಕಿಸುವಂತೆ ಆದೇಶದಲ್ಲೇ ಕೇಳಿಕೊಳ್ಳಿ, ಮಾತ್ರೆ ಮತ್ತು ಫಿಸಿಯೋಥೆರಪಿಯ ಖರ್ಚಿಗೆ ಅದು ಬೇಕಾಗುತ್ತದೆ.